ಅಣ್ಣನ ಕ್ಯಾಸೆಟ್ಟಿನಲ್ಲಿ ಇಲ್ಲದ 11 ನಿಮಿಷ

ಹಾಸನದ ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಇತ್ತು. ಅಣ್ಣ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಗೆಳೆಯನ ಹತ್ತಿರ ರೆಕಾರ್ಡ್ ಮಾಡಿಸಿಕೊಂಡು ಬಂದಿದ್ದು. 60 ನಿಮಿಷದ ಟೇಪು. ಮೇಲೆ ನೀಲಿ ಇಂಕಿನಲ್ಲಿ 'ಸಿಸಿಆರ್' ಅಂತ ಬರೆದಿತ್ತು, ಅಷ್ಟೆ. 'ಎ' ಸೈಡಿನ ಕೊನೆಯಲ್ಲಿ 'ಟ್ರಾವೆಲಿನ್ ಬ್ಯಾಂಡ್' ಹಾಡಿನ ಬಾಲ ಕತ್ತರಿಸಿ, ಟಕ್ ಅಂತ ನಿಂತುಬಿಡುತ್ತಿತ್ತು. ಹಾಡು ಇರುವುದೇ ಹಾಗೆ ಅಂದುಕೊಂಡು ನಾನು ಎಷ್ಟೋ ವರ್ಷ ಕಳೆದೆ.

ಈಗ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಹೋದ ನವೆಂಬರಿನಲ್ಲಿ ಬರ್ಕ್ಲಿಯ ಒಂದು ಹಳೇ ರೆಕಾರ್ಡ್ ಅಂಗಡಿಯಲ್ಲಿ ಆ ಕ್ಯಾಸೆಟ್ಟಿನ ಮೂಲ ಸಿಕ್ಕಿತು. 'ಕ್ರಾನಿಕಲ್'. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್, ಅಂದರೆ ಸಿಸಿಆರ್, ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ 20 ಹಿಟ್ ಹಾಡುಗಳ ಸಂಗ್ರಹ. ಫ್ಯಾಂಟಸಿ ರೆಕಾರ್ಡ್ಸ್ ಕಂಪನಿ ಇದನ್ನು ತಂದಿದ್ದು 1976ರಲ್ಲಿ, ಬ್ಯಾಂಡ್ ಒಡೆದು 3 ವರ್ಷ ದಾಟಿದ ಮೇಲೆ. 2 ಎಲ್‌ಪಿ ತಟ್ಟೆ, ಬೆಲೆ 18 ಡಾಲರ್. ಕವರಿನ ಮೂಲೆ ಸವೆದಿತ್ತು. ಪರವಾಗಿಲ್ಲ ಅನ್ನಿಸಿತು.

ಪರವಾಗಿತ್ತು. ಮನೆಗೆ ತಂದು ಹಾಕಿದರೆ ಎರಡನೇ ತಟ್ಟೆಯಲ್ಲಿ ಉದ್ದಕ್ಕೆ ಒಂದು ಗೀರು. ಅಂಗಡಿಯವನು ಇದನ್ನು 'ತುಂಬ ಚೆನ್ನಾಗಿದೆ' ಅನ್ನುವ ಗುಂಪಿನಲ್ಲಿ ಇಟ್ಟಿದ್ದ. ವಾಪಸ್ ತೆಗೆದುಕೊಂಡು ಹೋದರೆ, ಹಳೇ ಮಾಲು ವಾಪಸ್ ಇಲ್ಲ ಅಂತ ಗೋಡೆಯ ಮೇಲಿನ ಚೀಟಿ ತೋರಿಸಿದ. ಅಲ್ಲಾ, ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಬೇಕಿತ್ತು. ತಪ್ಪು ನನ್ನದೂ ಇದೆ.

ಹಾಡುಗಳ ವಿಷಯಕ್ಕೆ ಬರೋಣ. ಹಿಟ್ ಸಂಗ್ರಹ ಅಂದರೆ ನನಗೆ ಮಿಕ್ಸ್ಚರ್ ಪೊಟ್ಟಣ ಇದ್ದ ಹಾಗೆ. ಗೋಡಂಬಿ ಎಲ್ಲ ಮೇಲೆ, ಕೆಳಗೆ ಬರೀ ಪುಡಿ. 'ಕ್ರಾನಿಕಲ್' ಹಾಗಿಲ್ಲ. ಹಾಡುಗಳು ಹೆಚ್ಚು ಕಮ್ಮಿ ಬಿಡುಗಡೆಯಾದ ಕ್ರಮದಲ್ಲೇ ಇವೆ. 1968ರ 'ಸೂಸಿ ಕ್ಯೂ'ದಿಂದ ಶುರುವಾಗಿ 1972ರ 'ಸಮ್‌ಡೇ ನೆವರ್ ಕಮ್ಸ್'ಗೆ ನಿಲ್ಲುತ್ತದೆ. ಒಂದು ಬ್ಯಾಂಡ್ ಹುಟ್ಟಿ, ಉರಿದು, ಮುರಿದದ್ದು ಒಂದು ಗಂಟೆ ಚಿಲ್ಲರೆಯಲ್ಲಿ ಕಿವಿಗೇ ಗೊತ್ತಾಗುತ್ತದೆ. ನಡುವೆ ಹಾಡು ಹಾರಿಸಿ ಕೇಳಬೇಡಿ.

ಮೊದಲೆರಡು ಹಾಡು ಬೇರೆಯವರದು. ಡೇಲ್ ಹಾಕಿನ್ಸ್ ಹಾಡಿದ್ದ 'ಸೂಸಿ ಕ್ಯೂ', ಸ್ಕ್ರೀಮಿನ್ ಜೇ ಹಾಕಿನ್ಸ್‌ನ 'ಐ ಪುಟ್ ಎ ಸ್ಪೆಲ್ ಆನ್ ಯೂ'. ಚೆನ್ನಾಗಿಯೇ ಇವೆ, ಆದರೆ ಇನ್ನೂ ದಾರಿ ಹುಡುಕುತ್ತಿರುವ ಹುಡುಗರು ಅಂತ ಅನ್ನಿಸುತ್ತದೆ. ಮೂರನೆಯದು 'ಪ್ರೌಡ್ ಮೇರಿ'. ಅಲ್ಲಿ ಬ್ಯಾಂಡಿನ ಹಾಡುಗಾರ ಜಾನ್ ಫೋಗರ್ಟಿ ತನ್ನ ದನಿ ಕಂಡುಕೊಂಡ. ಆಮೇಲೆ ನಿಲ್ಲುವುದೇ ಇಲ್ಲ. 1969 ಒಂದೇ ವರ್ಷದಲ್ಲಿ ಇವರು 3 ಆಲ್ಬಂ ತಂದರು. ಈಗಿನವರು 3 ವರ್ಷಕ್ಕೆ ಒಂದು ತಂದರೆ ಹೆಚ್ಚು, ಅಲ್ವಾ?

ನನಗೆ ಮಜಾ ಅನ್ನಿಸುವುದು ಇದು: ನದಿ, ಹಬೆ ದೋಣಿ, ಜೌಗು, ಅಮೆರಿಕದ ದಕ್ಷಿಣದ ಹಳ್ಳಿ ಅಂತೆಲ್ಲ ಹಾಡುವ ಇವರು ಅಲ್ಲಿಯವರೇ ಅಲ್ಲ. ಎಲ್ ಸೆರಿಟೊ ಊರಿನ ಹುಡುಗರು. ನಮ್ಮ ಫ್ರೀಮಾಂಟ್ ಸ್ಟೇಷನ್ನಿನಿಂದ ಬಾರ್ಟ್ ರೈಲು ಹತ್ತಿದರೆ ಬರ್ಕ್ಲಿ ದಾಟಿ ಸಿಗುತ್ತದೆ. ನಾನು ಒಮ್ಮೆ ಸುಮ್ನೆ ಇಳಿದು ಸುತ್ತಾಡಿ ಬಂದೆ. ಮಾಲು, ಪಾರ್ಕಿಂಗು, ಗುಡ್ಡದ ಮೇಲೆ ಮನೆಗಳು. ಜೌಗೂ ಇಲ್ಲ, ಮೊಸಳೆಯೂ ಇಲ್ಲ. 'ಗ್ರೀನ್ ರಿವರ್' ಹಾಡಿನ ಹಿಂದಿರುವುದೂ ಇಲ್ಲೇ ಕ್ಯಾಲಿಫೋರ್ನಿಯಾದ ಪ್ಯೂಟಾ ಕ್ರೀಕ್ ಅನ್ನುವ ಹಳ್ಳ. ಫೋಗರ್ಟಿ ಚಿಕ್ಕವನಿದ್ದಾಗ ರಜೆಗೆ ಹೋಗುತ್ತಿದ್ದ ಜಾಗ. 'ಗ್ರೀನ್ ರಿವರ್' ಅನ್ನುವ ಹೆಸರು ಸಿಕ್ಕಿದ್ದು ಒಂದು ಸೋಡಾ ಶರಬತ್ತಿನ ಬಾಟಲಿಯಿಂದ!

ಇಲ್ಲೇ ಕ್ಯಾಲಿಫೋರ್ನಿಯಾದ ಲೋಡಿ ಅನ್ನುವ ಊರಿಗೂ ಹೋಗಿದ್ದೇನೆ. 'ಲೋಡಿ' ನನ್ನ ಅಚ್ಚುಮೆಚ್ಚಿನ ಹಾಡು. ದೊಡ್ಡವನಾಗುತ್ತೇನೆ ಅಂತ ಹೊರಟ ಹಾಡುಗಾರ, ಬಸ್ಸಿಗೂ ಕಾಸಿಲ್ಲದೆ ಸಣ್ಣ ಊರಲ್ಲಿ ಕುಡುಕರ ಮುಂದೆ ಹಾಡಿಕೊಂಡು ಸಿಕ್ಕಿಬಿದ್ದಿದ್ದಾನೆ. ಹಾಸನದಲ್ಲಿ ಕನ್ನಡ ಮೀಡಿಯಂ ಓದುತ್ತಿದ್ದ ನನಗೆ ಅದು ಲಾರಿ ಲೋಡಿನ ಹಾಡು ಅಂತ ಕೇಳಿಸಿತ್ತು. ನಿಜವಾದ ಲೋಡಿಯಲ್ಲಿ ಈಗ ದ್ರಾಕ್ಷಿ ತೋಟಗಳು, ಊರಿನ ಕಮಾನಿನ ಮೇಲೆ ಒಂದು ಕರಡಿ. ಚೆಂದದ ಊರು. ಪಾಪ, ಹಾಡು ಬರೆಯುವಾಗ ಫೋಗರ್ಟಿ ಆ ಊರಿಗೆ ಕಾಲೇ ಇಟ್ಟಿರಲಿಲ್ಲ. ಹೆಸರು ಕೇಳಲು ಚೆನ್ನಾಗಿತ್ತು ಅಂತ ಹಾಕಿಕೊಂಡನಂತೆ.

ಹೀಗೆ ತಪ್ಪಾಗಿ ಕೇಳಿಸುವುದು ನನಗೊಬ್ಬಳಿಗೇ ಅಲ್ಲ. 'ಬ್ಯಾಡ್ ಮೂನ್ ರೈಸಿಂಗ್'ನಲ್ಲಿ ಕೆಟ್ಟ ಚಂದ್ರ ಏಳುತ್ತಿದ್ದಾನೆ ಅನ್ನುವ ಸಾಲು, ಬಲಗಡೆ ಬಾತ್‌ರೂಮ್ ಇದೆ ಅಂತ ಇಂಗ್ಲಿಷಿನವರಿಗೇ ಕೇಳಿಸುತ್ತದೆ. ಫೋಗರ್ಟಿ ಸ್ಟೇಜ್ ಮೇಲೆ ಎಷ್ಟೋ ಸಲ ಬೇಕಂತಲೇ ಹಾಗೆ ಹಾಡಿದ್ದಾನೆ.

ನಡುವಿನ ಹಾಡುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕೇಳಿ. 'ಫಾರ್ಚುನೇಟ್ ಸನ್' ಎರಡೂವರೆ ನಿಮಿಷವೂ ಇಲ್ಲ. ದೊಡ್ಡವರ ಮಕ್ಕಳು ಮನೆಯಲ್ಲಿ, ಬಡವರ ಮಕ್ಕಳು ವಿಯೆಟ್ನಾಂನಲ್ಲಿ ಅನ್ನುವ ಸಿಟ್ಟು ಅಷ್ಟರಲ್ಲೇ ಮುಗಿಯುತ್ತದೆ. 'ರನ್ ಥ್ರೂ ದ ಜಂಗಲ್' ಕೂಡ ಯುದ್ಧದ ಹಾಡು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಫೋಗರ್ಟಿ ಹೇಳುವ ಪ್ರಕಾರ ಅದು ಅಮೆರಿಕದ ಮನೆಮನೆಯಲ್ಲಿರುವ ಬಂದೂಕಿನ ಬಗ್ಗೆ. 'ಕಮೋಷನ್' ಮಾತ್ರ ನನಗೆ ಯಾವತ್ತೂ ಹಿಡಿಸಿಲ್ಲ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರಲ್ಲ, ಈ ಬ್ಯಾಂಡಿನ ಕಥೆಯೂ ಅದೇ. ಟಾಮ್ ಫೋಗರ್ಟಿ ಅಣ್ಣ, ಜಾನ್ ತಮ್ಮ. ಮೊದಲು ಮುಂದೆ ನಿಂತು ಹಾಡುತ್ತಿದ್ದವನು ಅಣ್ಣ. ಆಮೇಲೆ ಬರೆಯುವುದು, ಹಾಡುವುದು, ತೀರ್ಮಾನ ಎಲ್ಲ ತಮ್ಮನ ಕೈಗೆ ಹೋಯಿತು. 1971ರ ಶುರುವಿನಲ್ಲಿ ಅಣ್ಣ ಹೊರಟ. ಇದನ್ನು ತಿಳಿದುಕೊಂಡು 'ಹ್ಯಾವ್ ಯೂ ಎವರ್ ಸೀನ್ ದ ರೇನ್' ಕೇಳಿ ನೋಡಿ. ಬಿಸಿಲಲ್ಲಿ ಸುರಿಯುವ ಮಳೆ ಅಂದರೆ ಹೆಸರು, ದುಡ್ಡು ಎಲ್ಲ ಇದ್ದೂ ಮನೆ ಒಡೆಯುತ್ತಿರುವುದು. 1972ರಲ್ಲಿ ಉಳಿದ ಮೂವರೂ ಬೇರೆಯಾದರು. 1990ರಲ್ಲಿ ಟಾಮ್ ತೀರಿಕೊಂಡಾಗಲೂ ಅಣ್ಣತಮ್ಮಂದಿರ ಮುನಿಸು ಪೂರ್ತಿ ಹೋಗಿರಲಿಲ್ಲ.

ಕೋರ್ಟು ಕಚೇರಿಯೂ ಆಯಿತು. ಹಾಡುಗಳ ಹಕ್ಕು ಕಂಪನಿಯ ಕೈಯಲ್ಲಿತ್ತು. 1985ರಲ್ಲಿ ಜಾನ್ ಒಂದು ಹೊಸ ಹಾಡು ತಂದರೆ, ಅದು 'ರನ್ ಥ್ರೂ ದ ಜಂಗಲ್' ಥರಾನೇ ಇದೆ ಅಂತ ಫ್ಯಾಂಟಸಿ ಕೇಸು ಹಾಕಿತು. ತನ್ನದೇ ಹಾಡು ಕದ್ದ ಅಂತ! 1988ರಲ್ಲಿ ಅವನು ಗಿಟಾರ್ ಹಿಡಿದು ಸಾಕ್ಷಿ ಕಟ್ಟೆಗೆ ಹೋಗಿ, ಎರಡನ್ನೂ ನುಡಿಸಿ ತೋರಿಸಿ ಗೆದ್ದ. ವಕೀಲರ ಫೀಸಿನ ಜಗಳ 1994ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು. ಹಾಡುಗಳ ಹಕ್ಕಿನ ದೊಡ್ಡ ಪಾಲು ಅವನಿಗೆ ಸಿಕ್ಕಿದ್ದು 2023ರಲ್ಲಿ, ವಯಸ್ಸು 77 ಆದ ಮೇಲೆ.

ಈಗ ನನ್ನ ದೂರು. 'ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್' ಅನ್ನುವ ಹಾಡು ಇಲ್ಲಿ 11 ನಿಮಿಷ ಇದೆ. ಮಾರ್ವಿನ್ ಗೇ ಹಾಡಿ ಮೆರೆಸಿದ್ದ ಹಾಡು. ಎರಡು ಮೂರು ನಿಮಿಷದಲ್ಲಿ ಮಾತು ಮುಗಿಸುವ ಬ್ಯಾಂಡ್, ಇಲ್ಲಿ ಕೂತು ಗಿಟಾರ್ ಎಳೆಯುತ್ತದೆ, ಎಳೆಯುತ್ತದೆ. 'ಬಾರ್ನ್ ಆನ್ ದ ಬಯೂ'ಗೆ ಜಾಗ ಇಲ್ಲ, ಇದಕ್ಕೆ ಇದೆ! 'ಪ್ರೌಡ್ ಮೇರಿ' ಸಿಂಗಲ್ಲಿನ ಹಿಂದಿನ ಬದಿಯಲ್ಲಿದ್ದ ಆ ಹಾಡಿಲ್ಲದೆ ಸಿಸಿಆರ್ ಸಂಗ್ರಹವೇ? ನನ್ನ ತಟ್ಟೆಯ ಗೀರು ಇರುವುದೂ ಸರಿಯಾಗಿ ಗ್ರೇಪ್‌ವೈನ್ ಮೇಲೆ. ಮುಳ್ಳು ನಾಲ್ಕನೇ ನಿಮಿಷದಲ್ಲಿ ಹಾರಿ ಏಳನೆಯದಕ್ಕೆ ಬೀಳುತ್ತದೆ. ಏನೂ ಗೊತ್ತಾಗುವುದಿಲ್ಲ.

ಕ್ಯಾಸೆಟ್ಟಿನಲ್ಲಿ ಈ ಹಾಡು ಕೇಳಿದ ನೆನಪೇ ಇಲ್ಲವಲ್ಲ ಅಂತ ಅಣ್ಣನಿಗೆ ಫೋನ್ ಮಾಡಿದೆ.

"ಟೇಪ್ ಸಾಲ್ತಿರಲಿಲ್ಲ ಕಣೇ," ಅಂದ. "ಅದೊಂದು ಬಿಟ್ಟರೆ ಬಾಕಿ ಎಲ್ಲ 60 ನಿಮಿಷಕ್ಕೆ ಹಿಡೀತಿತ್ತು. 90ರ ಟೇಪಿಗೆ ದುಡ್ಡಿರಲಿಲ್ಲ."

ಲೆಕ್ಕ ಹಾಕಿದೆ. ಸರಿಯಾಗಿದೆ. ಒಟ್ಟು 68 ನಿಮಿಷದ ಆಸುಪಾಸು, ಅದರಲ್ಲಿ 11 ಕಳೆದರೆ 57. ಕಂಪನಿಯವರಿಗಿಂತ ನಮ್ಮಣ್ಣನ ಆಯ್ಕೆಯೇ ಚೆನ್ನಾಗಿತ್ತು.

ಕೊಳ್ಳಬೇಕಾ? ಕೊಳ್ಳಿ. ಈ ಬ್ಯಾಂಡ್ ಗೊತ್ತಿಲ್ಲದವರಿಗೆ ಇದಕ್ಕಿಂತ ಒಳ್ಳೇ ಬಾಗಿಲು ಇಲ್ಲ. ಫೋನಿನಲ್ಲಿ ಕೇಳುವವರಿಗೆ ಸ್ಪಾಟಿಫೈನಲ್ಲೂ ಇದೆ. ಎಲ್‌ಪಿ ಬೇಕು ಅಂದರೆ ಹೊಸದೇ ತಗೊಳ್ಳಿ, ಹಳೆಯದಾದರೆ ಎರಡನೇ ತಟ್ಟೆಯನ್ನು ಕಿಟಕಿ ಹತ್ತಿರ ಒಯ್ದು ನೋಡಿ. 'ಬಾರ್ನ್ ಆನ್ ದ ಬಯೂ' 1986ರಲ್ಲಿ ಬಂದ 'ಕ್ರಾನಿಕಲ್' ಎರಡನೇ ಸಂಪುಟದಲ್ಲಿದೆ. ಅದೇ ಅಂಗಡಿಯಲ್ಲಿ ಒಂದು ಪ್ರತಿ ಕಂಡೆ, ಅದೂ 'ತುಂಬ ಚೆನ್ನಾಗಿದೆ' ಗುಂಪಿನಲ್ಲೇ. ಇನ್ನೂ ತಂದಿಲ್ಲ.