ಮಟನ್ ಸ್ಟ್ರೀಟಿನ ಪೋಸ್ಟರ್ ಅಂಗಡಿಗೆ ಭೂತಗನ್ನಡಿ ಹಿಡಿದು ಹೋಗಿ

ಮೊದಲೇ ಹೇಳಿಬಿಡುತ್ತೇನೆ, ಶುಕ್ರವಾರ ಹೋಗಬೇಡಿ. ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಅವತ್ತು ಹಳೇ ಸಾಮಾನಿನ ಅಂಗಡಿಗಳಿಗೆ ರಜೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ಹೋಗಿ ಒಮ್ಮೆ ಬರಿಗೈಲಿ ವಾಪಸ್ ಬಂದಿದ್ದೇನೆ.

ಈ ಅಂಗಡಿಗೆ ಬೋರ್ಡೂ ಇಲ್ಲ. ಮುಂದೆಲ್ಲ ಸಿನಿಮಾ ಪೋಸ್ಟರು. ಕಲಾ ಪ್ರದರ್ಶನದ್ದು ಬೇಕು ಅಂತ ಕೇಳಿದರೆ ಮಾತ್ರ ಅಂಗಡಿಯ ಚಾಚಾ ಅಟ್ಟದಿಂದ ಒಂದು ಕಟ್ಟು ಇಳಿಸುತ್ತಾರೆ. ಜಹಾಂಗೀರ್ ಆರ್ಟ್ ಗ್ಯಾಲರಿಯದೊಂದು ಬಿಚ್ಚಿ, 'ಏಕ್‌ದಮ್ ಓರಿಜಿನಲ್, ಪೈಂಸಠ್ ಕಾ' ಅಂದರು, ಅಂದರೆ 1965ರದ್ದು. ಕೆಳಗೆ ವಿಳಾಸದಲ್ಲಿ ಬಾಂಬೆ 400 001 ಅಂತಿತ್ತು! ಆರಂಕಿಯ ಪಿನ್ ಕೋಡ್ ಬಂದದ್ದೇ 1972ರಲ್ಲಿ. ಅದಕ್ಕೆ ಮುಂಚೆ ಬಾಂಬೆ-1 ಅಷ್ಟೇ. ತೋರಿಸಿದೆ. ಚಾಚಾ ನಕ್ಕು ಐನೂರು ಇಳಿಸಿದರು. ಈ ಪೋಸ್ಟರುಗಳಲ್ಲಿ ತಾರೀಕು ಹಾಕಿ ಇಸವಿ ಬಿಟ್ಟಿರುವುದೇ ಜಾಸ್ತಿ, ಹಾಗಾಗಿ ಮೂಲೆಯ ಸಣ್ಣ ಅಕ್ಷರ ಓದಲೇಬೇಕು.

ನಾನು ಇಪ್ಪತ್ತೆರಡು ವರ್ಷ ಆಫ್‌ಸೆಟ್ ಪ್ರೆಸ್ಸಿನಲ್ಲಿ ಇದ್ದವನು. ಜೇಬಲ್ಲಿ ಭೂತಗನ್ನಡಿ ಇದ್ದೇ ಇರುತ್ತದೆ. ಚಿತ್ರದಲ್ಲಿ ಚುಕ್ಕಿ ಕಂಡರೆ ಗಾಬರಿ ಬೇಡ, ಆಫ್‌ಸೆಟ್ ಮುದ್ರಣದಲ್ಲಿ ಚಿತ್ರ ಮೂಡುವುದೇ ಸಣ್ಣ ಸಣ್ಣ ಚುಕ್ಕಿಗಳಿಂದ. ಅಕ್ಷರ ನೋಡಿ. ಕಪ್ಪು ಅಕ್ಷರದ ಅಂಚು ಚಾಕುವಿನಲ್ಲಿ ಕೊಯ್ದ ಹಾಗಿರಬೇಕು. ಅದೂ ಬಣ್ಣಬಣ್ಣದ ಚುಕ್ಕಿಯಾಗಿ ಒಡೆದಿದ್ದರೆ, ಯಾರೋ ಹಳೇ ಪೋಸ್ಟರನ್ನು ಸ್ಕ್ಯಾನ್ ಮಾಡಿ ಹೊಡೆದದ್ದು. ಆ ಕಟ್ಟಿನಲ್ಲಿ ಅಂಥವು ಎರಡು ಸಿಕ್ಕವು. ಚಾಚಾಗೆ ಗೊತ್ತಿತ್ತೋ ಇಲ್ಲವೋ, ಸುಮ್ನೆ ಪಕ್ಕಕ್ಕಿಟ್ಟೆ.

ಕೊನೆಗೆ ತಂದದ್ದು ಚಿತ್ರಕಾರ ಕೆ.ಕೆ. ಹೆಬ್ಬಾರರ ಪ್ರದರ್ಶನದ್ದು. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯವರು ಅಲ್ವಾ, ಕೈ ಬಿಡಲು ಮನಸ್ಸಾಗಲಿಲ್ಲ. 4,500 ಅಂದದ್ದು 2,800ಕ್ಕೆ ಬಂತು. ನಾಲ್ಕು ಮೂಲೆಯಲ್ಲೂ ಪಿನ್ನಿನ ತೂತು, ನಡುವೆ ಒಂದು ಮಡಿಕೆ, ಅಂಚಿನಲ್ಲಿ ಮಳೆಗಾಲದ ಕಂದು ಚುಕ್ಕೆ. ಇವೆಲ್ಲ ನನಗೆ ಪರವಾಗಿಲ್ಲ. ಬಿಸಿಲಿಗೆ ಮಾಸಿದ್ದರೆ ಮಾತ್ರ ಬಿಡುತ್ತಿದ್ದೆ. ಕೆಂಪು, ಹಳದಿ ಮೊದಲು ಹೋಗಿ ಚಿತ್ರವೆಲ್ಲ ನೀಲಿ ತಿರುಗುತ್ತದೆ, ಅದನ್ನು ಯಾರೂ ಸರಿಮಾಡಲಾರರು. ಹಿಂದೆ ಸೆಲೋಟೇಪ್ ಹಚ್ಚಿದ್ದಾರಾ ಅಂತಲೂ ತಿರುಗಿಸಿ ನೋಡಿ. ಟೇಪ್ ಉದುರಿದರೂ ಅದರ ಅಂಟಿನ ಕಲೆ ಹೋಗುವುದಿಲ್ಲ.

ಫ್ರೇಮ್ ಹಾಕಿದ್ದು ಇಲ್ಲಿ ಕಡಿಮೆ, ಅದೇ ಒಳ್ಳೆಯದು. ಹಿಂದೊಮ್ಮೆ ಬೇರೆ ಕಡೆ ಗಾಜಿನೊಳಗಿನ ಅಂದಕ್ಕೆ ಮರುಳಾಗಿ ತಂದು, ಮನೆಯಲ್ಲಿ ಬಿಚ್ಚಿದರೆ ಇಡೀ ಪೋಸ್ಟರನ್ನು ಹಾರ್ಡ್‌ಬೋರ್ಡಿಗೆ ಗೋಂದಿನಲ್ಲಿ ಮೆತ್ತಿದ್ದರು. ಕೆಳಗಿನ ಅಂಚು, ಪ್ರೆಸ್ಸಿನ ಹೆಸರಿನ ಸಮೇತ, ಫ್ರೇಮಿಗೆ ಹೊಂದಲಿ ಅಂತ ಕತ್ತರಿಸಿದ್ದರು. ನಮ್ಮವಳು ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾಳೆ.

ಒಂದೇ ತಕರಾರು. ಚಾಚಾ ಪೋಸ್ಟರನ್ನು ಬೆರಳು ದಪ್ಪಕ್ಕೆ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ, ಹಳೇ ಕಾಗದ ಅಲ್ಲೇ ಬಿರುಕು ಬಿಡುತ್ತದೆ. ಸಡಿಲವಾಗಿ ಸುತ್ತಿ ಒಳಗಿಡಲು ನಾಲ್ಕು ಇಂಚು ಅಗಲದ ಪಿವಿಸಿ ಪೈಪಿನ ತುಂಡು ನೀವೇ ತೆಗೆದುಕೊಂಡು ಹೋಗಿ.