ಕಡಿಮೆ ಒತ್ತಡದ ನಲ್ಲಿಗೆ ಪಂಪೋ, ಪೈಪೋ, ಹಿತ್ತಿಲ ದಿಬ್ಬದ ಮೇಲಿನ ಟ್ಯಾಂಕೋ?

ತೀರ್ಥಹಳ್ಳಿ ಸೀಮೆಯ ಅನೇಕ ಹೆಂಚಿನ ಮನೆಗಳಂತೆ ನಮ್ಮ ಮನೆಯಲ್ಲಿಯೂ ತಾರಸಿ ಇರುವುದು ಬಚ್ಚಲುಮನೆಯ ಭಾಗಕ್ಕೆ ಮಾತ್ರ, ಸಾವಿರ ಲೀಟರಿನ ಟ್ಯಾಂಕು ಇದ್ದುದೂ ಅದರ ಮೇಲೆಯೇ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ ಎಂಬುದು ಲೆಕ್ಕ. ನಮ್ಮ ಟ್ಯಾಂಕಿನ ತಳ ಅಡುಗೆಮನೆಯ ನಲ್ಲಿಗಿಂತ ಎರಡು ಮೀಟರ್ ಮಾತ್ರ ಮೇಲಿದ್ದುದರಿಂದ ಅದರ ಐದನೆಯ ಒಂದು ಪಾಲಷ್ಟೇ ನಮಗೆ ದಕ್ಕುತ್ತಿತ್ತು. ಆ ನಲ್ಲಿಯಲ್ಲಿ ಹತ್ತು ಲೀಟರಿನ ಬಕೆಟ್ ತುಂಬಲು ಮೂರೂವರೆ ನಿಮಿಷ ಹಿಡಿಯುತ್ತಿತ್ತು, ಬಚ್ಚಲಿನ ಗ್ಯಾಸ್ ಗೀಸರಂತೂ ನೀರಿನ ರಭಸ ಸಾಲದೆ ಹೊತ್ತಿಕೊಳ್ಳುತ್ತಲೇ ಇರಲಿಲ್ಲ.

ಮೊದಲು ಹಾಕಿಸಿದ್ದು ಅರ್ಧ ಎಚ್‌ಪಿಯ ಪ್ರೆಷರ್ ಪಂಪು. ಗೀಸರ್ ಅಂದೇ ಹೊತ್ತಿಕೊಂಡಿತು, ಆದರೆ ಅಡುಗೆಮನೆಯ ಬಕೆಟ್ಟಿಗೆ ಆಗಲೂ ಒಂದೂವರೆ ನಿಮಿಷ ಬೇಕಾಯಿತು. ಫ್ಲಶ್ ಟ್ಯಾಂಕಿನ ಸಣ್ಣ ಸೋರಿಕೆಯಿಂದ ಪೈಪಿನ ಒತ್ತಡ ಇಳಿದಾಗಲೆಲ್ಲ ಪಂಪು ರಾತ್ರಿಯಿಡೀ ತಾನಾಗಿಯೇ ಎದ್ದು ಮಲಗುತ್ತಿತ್ತು. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಬಾರದಿದ್ದ ಆಷಾಢದಲ್ಲಿ ನಾವು ಮತ್ತೆ ಒಲೆಯ ಹಂಡೆಯನ್ನೇ ನಂಬಬೇಕಾಯಿತು. ಮಲೆನಾಡಿನ ಮನೆಗೆ ಪಂಪನ್ನು ಮೊದಲ ಪರಿಹಾರವಾಗಿ ನಾನು ಸೂಚಿಸಲಾರೆ.

ಪಂಪಿನ ಬಲವೆಲ್ಲ ಎಲ್ಲಿ ಹೋಗುತ್ತಿದೆ ಎಂದು ತಿಳಿಯಲು ಪ್ಲಂಬರ್ ಅಡುಗೆಮನೆಗೆ ಹೋಗುವ ಅರ್ಧ ಇಂಚಿನ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಿಂದ ಒಂದು ಗೇಣು ತುಂಡನ್ನು ಕತ್ತರಿಸಿ ನನ್ನ ಕೈಗಿಟ್ಟರು. ಒಳಗೆ ಕೆಂಪು ತುಕ್ಕು ಪದರ ಪದರವಾಗಿ ಕಟ್ಟಿಕೊಂಡು ನೀರಿಗೆ ಉಳಿದಿದ್ದ ದಾರಿ ಪೆನ್ಸಿಲ್ ತೂರುವಷ್ಟು ಮಾತ್ರ. ಅಡುಗೆಮನೆಯವರೆಗೂ ಒಂದು ಇಂಚಿನ ಪಿವಿಸಿ ಪೈಪು ಎಳೆಸಿದ ಮೇಲೆ, ಪಂಪು ನಿಲ್ಲಿಸಿದ್ದಾಗಲೂ ಅದೇ ಬಕೆಟ್ ಐವತ್ತು ಸೆಕೆಂಡಿಗೆ ತುಂಬಿತು. ಪೈಪಿನ ಒಳವ್ಯಾಸ ಇಮ್ಮಡಿಯಾದರೆ ಅಷ್ಟೇ ನೀರು ಹರಿಯುವಾಗ ಘರ್ಷಣೆಯಿಂದಾಗುವ ನಷ್ಟ ಸುಮಾರು 30ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂಬುದನ್ನು ಮೊದಲೇ ಅರಿತಿದ್ದರೆ ಪಂಪಿನ ಹಣ ಉಳಿಯುತ್ತಿತ್ತು. ಆದರೆ ಪೈಪು ಎತ್ತರವನ್ನು ಕೊಡಲಾರದು. ಟ್ಯಾಂಕಿನ ತಳಕ್ಕಿಂತ ಒಂದೇ ಮೀಟರ್ ಕೆಳಗಿರುವ ಶವರ್ ಪಂಪಿಲ್ಲದೆ ತೊಟ್ಟಿಕ್ಕುತ್ತಲೇ ಇತ್ತು.

ಆ ಎತ್ತರ ಸಿಕ್ಕಿದ್ದು ಮನೆಯ ಹಿಂದಿನ ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಮೇಲೆ. ಈಗ ಟ್ಯಾಂಕಿನ ತಳ ಅಡುಗೆಮನೆಯ ನಲ್ಲಿಗಿಂತ ಎಂಟು ಮೀಟರ್ ಮೇಲಿದೆ, ಬಕೆಟ್ ಅರ್ಧ ನಿಮಿಷಕ್ಕೆ ತುಂಬುತ್ತದೆ, ಕರೆಂಟು ಇಲ್ಲದ ದಿನವೂ ಗೀಸರ್ ಹೊತ್ತಿಕೊಳ್ಳುತ್ತದೆ. ಬಾವಿಯ ಮೋಟಾರು ಆರು ಮೀಟರ್ ಹೆಚ್ಚು ಎತ್ತಬೇಕಾದ್ದರಿಂದ ಟ್ಯಾಂಕು ತುಂಬುವುದು ತಡವಾಗುತ್ತದೆ, ನಲವತ್ತು ಮೀಟರ್ ಪೈಪಿನ ಖರ್ಚೂ ಸಣ್ಣದಲ್ಲ. ಆರಂಭದ ವಾರ ಪೈಪು ಉಬ್ಬಿದ್ದ ಒಂದು ಕಡೆ ಗಾಳಿ ಕಟ್ಟಿ ನೀರು ನಿಂತುಹೋಗಿತ್ತು. ಅಲ್ಲಿ ಗಾಳಿ ಬಿಡುವ ವಾಲ್ವ್ ಕೂರಿಸಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ.

ಈ ದಾರಿ ಹಿಡಿಯುವವರು ಧರೆಯ ಮಣ್ಣನ್ನು ಮೊದಲು ನೋಡಬೇಕು. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ, ಮಳೆಗಾಲದಲ್ಲಿ ನೆನೆದ ಧರೆ ಅದನ್ನು ತಾಳದೆ ಕುಸಿದರೆ ಬೀಳುವುದು ಮನೆಯ ಮೇಲೆಯೇ. ನಾವು ಅಂಚಿನಿಂದ ಸಾಕಷ್ಟು ಹಿಂದೆ, ಜಂಬಿಟ್ಟಿಗೆಯ ಗಟ್ಟಿ ನೆಲದಲ್ಲಿ ಕಟ್ಟೆ ಕಟ್ಟಿಸಿ, ತುಂಬಿ ಹೊರಚೆಲ್ಲುವ ನೀರು ಧರೆಗೆ ಇಳಿಯದಂತೆ ಬೇರೆ ಪೈಪಿನಲ್ಲಿ ತೋಟದ ಕಪ್ಪಿಗೆ (ಬಸಿಗಾಲುವೆಗೆ) ಬಿಟ್ಟಿದ್ದೇವೆ.