ಸ್ಪಾರ್ಕ್ ಪ್ಲಗ್ ಬಿಚ್ಚಿ ಕರೆಂಟ್ (ಕಿಡಿ) ನೋಡುವ ಮುಂಚೆ ಇದನ್ನು ಓದಿ

ನನ್ನ ಬಲಗೈ ಮೇಲಿನ ಕೂದಲು ಈಗ ತಾನೇ ಮತ್ತೆ ಮೊಳೆಯುತ್ತಿದೆ. ಒಂದು ಕಡೆಯ ಹುಬ್ಬು ಅರ್ಧ ಬಂದಿದೆ. ತಿಂಗಳುಗಟ್ಟಲೆ ನಿಂತಿರುವ ಹಳೇ ಟೂ ಸ್ಟ್ರೋಕ್ ಗಾಡಿಯನ್ನು ಸ್ಟಾರ್ಟ್ ಮಾಡಲು ಹೊರಟಿದ್ದರೆ, ಕಿಕ್ಕರ್ ಮೇಲೆ ಕಾಲಿಡುವ ಮುಂಚೆ ಇದನ್ನೊಂದು ಸಲ ಓದಿಬಿಡಿ.

ಗಾಡಿ ಐದು ತಿಂಗಳು ನಿಂತಿತ್ತು. ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಹಾಗೇ ಇತ್ತು. ಹಿಂದಿನ ರಾತ್ರಿ ಟ್ಯಾಂಕಿನಡಿಯ ಪೆಟ್ರೋಲ್ ಕಾಕ್ ತೆರೆದು, ಪೆಟ್ರೋಲ್ ಇಳಿಯುತ್ತಾ ಇರಲಿ, ಬೆಳಿಗ್ಗೆ ನೋಡೋಣ ಅಂತ ಮಲಗಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಪೆಟ್ರೋಲ್ ಗಾಳಿ ಬೆರೆಸುವ ಕಾರ್ಬೊರೇಟರಿನ ಓವರ್‌ಫ್ಲೋ ಪೈಪ್ ಕೆಳಗೆ ಅಂಗೈಯಗಲ ಒದ್ದೆ. ಹಳೇ ಗಾಡಿ ಅಲ್ವಾ, ಸ್ವಲ್ಪ ಸೋರುತ್ತೆ ಅಂದುಕೊಂಡೆ.

ಚೋಕ್ ಎಳೆದು ಕಿಕ್ ಹೊಡೆದೆ. ಹತ್ತು, ಇಪ್ಪತ್ತು, ನಲವತ್ತು. ಒಂದು ಸಲವೂ 'ಫಟ್' ಅನ್ನಲಿಲ್ಲ. ಕಿಕ್ಕರ್ ಎಂದಿಗಿಂತ ಭಾರ ಅನ್ನಿಸುತ್ತಿತ್ತು, ಅದನ್ನೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಪ್ಲಗ್ ಬಿಚ್ಚಿದೆ. ತುದಿಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಒರೆಸಿ, ವೈರಿನ ತುದಿಯ ಕ್ಯಾಪ್‌ಗೆ ಸಿಕ್ಕಿಸಿ, ಎಲ್ಲರೂ ಮಾಡುವ ಹಾಗೆ ಹೆಡ್ (ಇಂಜಿನ್ನಿನ ಮೇಲ್ಭಾಗ) ಮೇಲೆ, ಪ್ಲಗ್ ತೂತಿನ ಪಕ್ಕದಲ್ಲೇ ಒರಗಿಸಿ ಕಿಕ್ ಹೊಡೆದೆ. ಸಣ್ಣಗೆ ಕಿತ್ತಳೆ ಬಣ್ಣದ ಕಿಡಿ. ಕರೆಂಟ್ ಬರ್ತಿದೆ ಅಂತ ಖುಷಿಯಾಯಿತು. ಇನ್ನೊಂದು ಸಲ ನೋಡೋಣ ಅಂತ ಬಗ್ಗಿ ಮತ್ತೆ ಹೊಡೆದೆ.

ತೂತಿನಿಂದ 'ಭುಸ್' ಅಂತ ಬಿಳೀ ಹಬೆ ಬಂತು. ಆಮೇಲೆ 'ಭಗ್'. ಮುಖದ ಎದುರಿಗೇ ಬೆಂಕಿ. ಹೆಡ್ ಮೇಲೆ ಚೆಲ್ಲಿದ್ದ ಪೆಟ್ರೋಲ್ ಹೊತ್ತಿಕೊಂಡು ಕಾರ್ಬೊರೇಟರ್ ಕಡೆ ಇಳಿಯುತ್ತಿತ್ತು. ನಾನು ನೀರಿನ ಬಕೆಟ್‌ಗೆ ಓಡಿದೆ. 'ಅಣ್ಣಾ, ನೀರು ಬೇಡ!' ಅಂತ ತಮ್ಮ ಕೂಗಿ, ದಪ್ಪ ಕಂಬಳಿ ತಂದು ಇಂಜಿನ್ ಮೇಲೆ ಒತ್ತಿ ಹಿಡಿದ. ನೀರು ಹಾಕಿದ್ದರೆ ಪೆಟ್ರೋಲ್ ಅದರ ಮೇಲೆ ತೇಲಿಕೊಂಡು ನೆಲದ ತುಂಬಾ ಹರಡುತ್ತಿತ್ತು. ಬೆಂಕಿ ಟ್ಯಾಂಕಿಗೆ ಹೋಗಲಿಲ್ಲ, ಅದು ನಮ್ಮ ಪುಣ್ಯ. ಈಗ ಪುಡಿಯ ಫೈರ್ ಎಕ್ಸ್‌ಟಿಂಗ್ವಿಶರ್ ಪಕ್ಕದಲ್ಲಿಲ್ಲದೆ ಸ್ಪ್ಯಾನರ್ ಮುಟ್ಟುವುದಿಲ್ಲ.

ಆಗಿದ್ದಿಷ್ಟು. ಕಾರ್ಬೊರೇಟರ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಫ್ಲೋಟ್ ಸೂಜಿಗೆ ಹಳೇ ಪೆಟ್ರೋಲಿನ ಅಂಟು ಹಿಡಿದು ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ಕಾಕ್ ತೆರೆದೇ ಇದ್ದುದರಿಂದ ರಾತ್ರಿಯಿಡೀ ಪೆಟ್ರೋಲ್ ಸೋರಿದೆ. ಸ್ವಲ್ಪ ಹೊರಗೆ, ಜಾಸ್ತಿ ಒಳಗೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಗಾಳಿ ಎರಡೂ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್ ಮೂಲಕವೇ ಮೇಲೆ ಹೋಗಬೇಕು, ಹಾಗಾಗಿ ಸೋರಿದ್ದೆಲ್ಲ ಅಲ್ಲೇ ನಿಂತಿತ್ತು. ಪ್ಲಗ್ ಬಿಚ್ಚಿ ಕಿಕ್ ಹೊಡೆದರೆ ಪಿಸ್ಟನ್ ಅದನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ತೂತಿನಿಂದ ಪಿಚಕಾರಿ ಹೊಡೆಯುತ್ತದೆ. ನಾನು ಸರಿಯಾಗಿ ಅದರ ಬಾಯಿಗೇ ಕಿಡಿ ಹಿಡಿದಿದ್ದೆ.

ಇದಕ್ಕಿಂತ ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಕೈ ಸುಟ್ಟುಕೊಂಡು ನೋಡಿದ ಆ ಕಿಡಿ ಕೆಲಸಕ್ಕೇ ಬರುತ್ತಿರಲಿಲ್ಲ. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರ್ ಒಳಗೆ ಗಾಳಿ ಒತ್ತಿಕೊಂಡಿರುವಾಗ ಅಷ್ಟೇ ಗ್ಯಾಪ್ ದಾಟಲು ಬಹಳ ಜಾಸ್ತಿ ವೋಲ್ಟೇಜ್ ಬೇಕು. ಬಿಚ್ಚಿ ನೋಡಿದರೆ ಪಾಯಿಂಟ್ (ಕಿಡಿಗಾಗಿ ಸರಿಯಾದ ಹೊತ್ತಿಗೆ ಕರೆಂಟ್ ಕಡಿಯುವ ಸ್ವಿಚ್) ಮೇಲೆ ಬೂದು ಪದರ ಕಟ್ಟಿತ್ತು, ಕಿಡಿ ಸಪ್ಪೆಯಾಗಿದ್ದು ಅದಕ್ಕೇ. ನೀಲಿಯಾಗಿ, 'ಚಟ್' ಅಂತ ಕೇಳುವ ಹಾಗೆ ಹಾರಿದರೆ ಮಾತ್ರ ಅದು ಕಿಡಿ. ಸಪ್ಪೆ ಕಿತ್ತಳೆ ಬಣ್ಣದ್ದನ್ನು ನಂಬಬೇಡಿ.

ಈಗ ನಾನು ಮಾಡುವುದು ಹೀಗೆ. ಪ್ಲಗ್ ಒದ್ದೆ ಕಂಡರೆ ಕಿಕ್ ಹೊಡೆಯುವುದು ಅಲ್ಲಿಗೇ ಬಂದ್. ಕಾಕ್ ಮುಚ್ಚಿ, ಇಗ್ನಿಷನ್ ಆಫ್ ಮಾಡಿ, ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹತ್ತು ಹದಿನೈದು ಸಲ ಮೆಲ್ಲಗೆ ಕಿಕ್ ಹೊಡೆಯುತ್ತೇನೆ. ಬಯಲಲ್ಲಿ, ತೂತಿನ ಎದುರು ಮುಖ ಇಡದೆ. ಆಮೇಲೆ ಅರ್ಧ ದಿನ ಹಾಗೇ ಬಿಡುತ್ತೇನೆ. ಕಿಕ್ಕರ್ ಕಲ್ಲಿನ ಹಾಗೆ ನಿಂತುಬಿಟ್ಟರೆ ಮೈಭಾರ ಹಾಕಲೇಬೇಡಿ. ಒಳಗೆ ಪೆಟ್ರೋಲ್ ತುಂಬಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು.

ಕರೆಂಟ್ ನೋಡುವುದು ಎಲ್ಲಾ ಒಣಗಿದ ಮೇಲೆ, ಎರಡು ಪ್ಲಗ್ ಇಟ್ಟುಕೊಂಡು. ಹಳೆಯದನ್ನು ತೂತಿಗೆ ತಿರುಗಿಸಿ ಬಿಗಿ ಮಾಡಿ ಬಾಯಿ ಮುಚ್ಚುತ್ತೇನೆ. ಇನ್ನೊಂದನ್ನು ಕ್ಯಾಪ್‌ಗೆ ಹಾಕಿ, ಅದರ ಮೈ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಾಗುವ ಹಾಗೆ, ಕಾರ್ಬೊರೇಟರಿನಿಂದ ದೂರ ಇಡುತ್ತೇನೆ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಯೂನಿಟ್ ಇರುವ ಸಿಡಿಐ ಗಾಡಿಯಾದರೆ ಕ್ಯಾಪ್ ಗಾಳಿಯಲ್ಲಿ ನೇತಾಡುವ ಹಾಗೆ ಬಿಟ್ಟು ಕಿಕ್ ಹೊಡೆಯಬೇಡಿ, ಯೂನಿಟ್ಟೇ ಸುಟ್ಟುಹೋಗಬಹುದು. ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಿರಿ ಅನ್ನುವವರೂ ಸಿಗುತ್ತಾರೆ. ಟೂ ಸ್ಟ್ರೋಕ್‌ನಲ್ಲಿ ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹಾಕುತ್ತದೆ, ನಾನಂತೂ ಹತ್ತಿರ ಸೇರಿಸುವುದಿಲ್ಲ.

ಫ್ಲೋಟ್ ಸೂಜಿ ಬದಲಾಯಿಸಿ, ಪಾಯಿಂಟ್ ಉಜ್ಜಿ, ಆ ಪುಡಿಯನ್ನೂ ಒರೆಸಿ ತೆಗೆದು, ಪಾಯಿಂಟಿನ ಗ್ಯಾಪನ್ನು 0.35 ಮಿಲಿಮೀಟರಿಗೆ ಕೂರಿಸಿದೆ. ಹೊಸ ಪೆಟ್ರೋಲ್, ಹೊಸ ಪ್ಲಗ್. ಮೂರನೇ ಕಿಕ್‌ಗೆ ಹೊತ್ತಿಕೊಂಡಿತು, ಈ ಸಲ ಒಳಗೆ. ಪೆಟ್ರೋಲ್ ಆರಿದರೂ ಅದಕ್ಕೆ ಬೆರೆಸಿದ್ದ ಆಯಿಲ್ ಕೆಳಗೇ ಉಳಿದಿತ್ತಲ್ಲ, ಹತ್ತು ನಿಮಿಷ ಹೊಗೆಯಲ್ಲಿ ನಾನೂ ಗಾಡಿಯೂ ಕಾಣಲಿಲ್ಲ.

ಈಗ ದಿನಾ ರಾತ್ರಿ ದೀಪ ಆರಿಸುವ ಹೊತ್ತಿಗೆ ತಮ್ಮನ ದನಿ ಕೇಳಿಸುತ್ತದೆ: 'ಅಣ್ಣಾ, ಕಾಕ್ ಮುಚ್ಚಿದ್ಯಾ?'